ಸಾರ್ವಜನಿಕ ಸೌಲಭ್ಯಗಳಿಗೆ ಜಮೀನು ಕಾಯ್ದಿರಿಸುವಿಕೆ

ಅಂಗನವಾಡಿ, ಸ್ಮಶಾನ ಅಥವಾ ಘನತ್ಯಾಜ್ಯ ಘಟಕಕ್ಕೆಂದು ಗ್ರಾಮ ಪಂಚಾಯಿತಿಯು ಠರಾವು ಅಂಗೀಕರಿಸಿದ ಮಾತ್ರಕ್ಕೆ ಸರ್ಕಾರಿ ಜಮೀನು ಮೀಸಲಾಗುವುದಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದನ್ವಯ ಜಿಲ್ಲಾಧಿಕಾರಿಗಳ ಆದೇಶವಾಗಿ, ಅದು ಪಹಣಿಯಲ್ಲಿ ನಮೂದಾಗಬೇಕು. ಇಲ್ಲವಾದಲ್ಲಿ ಅನುದಾನ ಬರುವ ಹೊತ್ತಿಗೆ ಜಾಗ ಒತ್ತುವರಿಯಾಗಿರುವುದುಂಟು.

ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ತುಂಗಭದ್ರಾ ಕಾಲುವೆಯ ನೀರು ತಲುಪಿದೆಡೆಯೆಲ್ಲ ಗದ್ದೆಯಾಗಿದೆ. ಖಾಲಿ ಉಳಿದ ತುಂಡು ಭೂಮಿ ತಗ್ಗಿನದಾಗಿದ್ದರೆ, ಅದು ಖಾಲಿ ಉಳಿದ ಕಾರಣವನ್ನೇ ಮೊದಲು ವಿಚಾರಿಸತಕ್ಕದ್ದು. ತುಂಗಭದ್ರೆ, ಹಗರಿಗಳ ದಂಡೆಯ ಗ್ರಾಮಗಳಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ನಕ್ಷೆಗಿಂತ ಊರ ಹಿರಿಯರು ಸ್ಪಷ್ಟವಾಗಿ ಹೇಳಬಲ್ಲರು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಅಂತಹ ನೆಲದ ಅಡಿಪಾಯಕ್ಕೆ ತಗಲುವ ಹೆಚ್ಚುವರಿ ವೆಚ್ಚವು ಅಂದಾಜುಪಟ್ಟಿಯಲ್ಲಿರಬೇಕು.

ಬಳ್ಳಾರಿ ನಗರದಂಚಿನ ಪಂಚಾಯಿತಿಗಳು, ಅನುಮೋದಿತ ಬಡಾವಣೆ ನಕ್ಷೆಯಲ್ಲಿ ತೋರಿಸಿದ ನಾಗರಿಕ ಸೌಲಭ್ಯ ನಿವೇಶನಗಳು ವಾಸ್ತವವಾಗಿ ಹಸ್ತಾಂತರವಾಗಿವೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ಅಳತೆಯಾಗಿ ಗಡಿಕಲ್ಲು ನೆಟ್ಟ ನಂತರವೇ ಕಾಮಗಾರಿಯನ್ನು ಕ್ರಿಯಾಯೋಜನೆಗೆ ಸೇರಿಸುವುದು ಸೂಕ್ತ.