ಬಾಗಿಲಿನ ಒಳಹಲಗೆ ಮುರಿಯದಂತೆ ಬಿಚ್ಚುವ ಕ್ರಮ

ಸಣ್ಣ ಬೆಳೆಗಾರನ ಮನೆಯಲ್ಲಿ ವಾಹನವೆಂದರೆ ಸಾಮಾನ್ಯವಾಗಿ ಒಂದೇ. ಕಾಫಿ ಚೀಲ ಹೊರುವುದೂ ಅದೇ, ಮಂಡಿಗೆ ಅಡಿಕೆ ಒಯ್ಯುವುದೂ ಅದೇ, ರಾತ್ರಿ ಹೊತ್ತು ಹಿರಿಯರನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಎಂಜಿನ್ನಿನ ಎಣ್ಣೆ, ಟೈರಿನ ಗಾಳಿ ಇವುಗಳ ವಿಚಾರದಲ್ಲಿ ನಾವೆಲ್ಲ ಎಚ್ಚರದಿಂದಲೇ ಇರುತ್ತೇವೆ. ಬಾಗಿಲಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಕಾಲಡಿಯ ಚಾಪೆ ಒದ್ದೆಯಾದಾಗಲೋ, ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಾಗಲೋ ಅದರ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ತುಕ್ಕು ಒಳಗಿನಿಂದ ತಿನ್ನುತ್ತಾ ಹೊರಗೆ ಬಂದಿರುತ್ತದೆ.

ಒಳಗೆ ನೋಡಬೇಕಾದರೆ ಒಳಹಲಗೆಯನ್ನು ಬಿಚ್ಚಬೇಕು. ಗ್ಯಾರೇಜಿನವರು ಇದನ್ನು ಡೋರ್ ಪ್ಯಾಡ್ ಅಥವಾ ಟ್ರಿಮ್ ಎನ್ನುತ್ತಾರೆ. ಮುರಿದೀತೆಂಬ ಹೆದರಿಕೆಯಿಂದಲೇ ಬಹಳ ಮಂದಿ ಇದಕ್ಕೆ ಕೈ ಹಾಕುವುದಿಲ್ಲ. ಆದರೆ ಹಲಗೆ ಮುರಿಯುವುದು ಬಿಚ್ಚಿದ್ದರಿಂದಲ್ಲ. ಕಾಣದ ಸ್ಕ್ರೂ ಒಂದನ್ನು ಬಿಟ್ಟು ಎಳೆದದ್ದರಿಂದ, ಅಥವಾ ಹಿಡಿಯಬಾರದ ಜಾಗದಲ್ಲಿ ಹಿಡಿದು ಎಳೆದದ್ದರಿಂದ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ನೀರು ಎಲ್ಲಿಂದ ಬರುತ್ತದೆ?

ಗಾಜಿನ ಹೊರಬದಿಯ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಮಳೆ ಬಂದಾಗಲೆಲ್ಲ ಒಂದಿಷ್ಟು ನೀರು ಬಾಗಿಲಿನೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿವೆ. ಒಳಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ನೀರು ಒಳಬದಿಗೆ ಬಾರದಂತೆ ತಿರುಗಿಸಿ ತಳಕ್ಕೆ ಇಳಿಸುವುದು ಇದರ ಕೆಲಸ. ಹಾಳೆ ಹರಿದರೆ ಕಾಲಡಿ ಒದ್ದೆ, ರಂಧ್ರ ಮುಚ್ಚಿದರೆ ಬಾಗಿಲಿಗೆ ತುಕ್ಕು.

ರಂಧ್ರ ಮುಚ್ಚುವುದು ಹೇಗೆಂದು ನಮ್ಮ ದಾರಿಗಳನ್ನೇ ನೋಡಿ ತಿಳಿಯಬಹುದು. ಹಾಸನದ ಹೆದ್ದಾರಿಯೂ ತುಮಕೂರಿನ ಹೆದ್ದಾರಿಯೂ ನೆಲಮಂಗಲದ ಬಳಿ ಕೂಡುತ್ತವೆ. ಅಲ್ಲಿಂದ ಮುಂದೆ ನಮ್ಮ ಸದಸ್ಯರ ವಾಹನಗಳು ಮಾದನಾಯಕನಹಳ್ಳಿ ದಾಟಿ, ಪೀಣ್ಯದ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಬೆಂಗಳೂರು ಸೇರಬೇಕು. ಲಾರಿಗಳ ನಡುವೆ ನಿಂತು ನಿಂತು ಸಾಗುವಾಗ ಅಲ್ಲಿನ ಧೂಳು ಗಾಜಿನ ಸಂದಿಯಿಂದ ಬಾಗಿಲಿನೊಳಗೆ ಕೂರುತ್ತದೆ. ಅದರ ಜೊತೆಗೆ ಕಾಫಿ ಸಿಪ್ಪೆಯ ಪುಡಿ, ಒಣಗಿದ ಎಲೆಚೂರು. ಊರಿಗೆ ಮರಳಿ ಮೊದಲ ಮಳೆ ಹಿಡಿದಾಗ ಇವೆಲ್ಲ ಕೆಸರಾಗಿ ತಳದ ರಂಧ್ರಕ್ಕೆ ಬೆಣೆ ಹೊಡೆದಂತೆ ಕೂರುತ್ತವೆ.

ಗಾಜು ಕೆಟ್ಟು ನಿಂತಾಗ ಹೆದ್ದಾರಿ ಬದಿಯಲ್ಲಿ ಅವಸರದಿಂದ ಬಿಚ್ಚಿಸುವುದಕ್ಕಿಂತ, ಮನೆಯ ಅಂಗಳದಲ್ಲಿ ಬಿಡುವಾಗಿ ಬಿಚ್ಚಿ ನೋಡಿಕೊಳ್ಳುವುದು ಮೇಲು.

ಬೇಕಾದ ಸಲಕರಣೆ

ನಾಲ್ಕು ಮೂಲೆಯ ಸ್ಕ್ರೂಡ್ರೈವರ್ ಒಂದು, ಸಣ್ಣ ಚಪ್ಪಟೆಯದು ಒಂದು, ಹಳೆ ಬಟ್ಟೆ, ಅಂಟುಪಟ್ಟಿ, ಸ್ಕ್ರೂ ಹಾಕಿಡಲು ಒಂದು ಬಟ್ಟಲು. ಹಲಗೆ ಮೀಟಲು ನೈಲಾನ್ ಸನ್ನೆಗಳು ಅಂಗಡಿಯಲ್ಲಿ ಸಿಗುತ್ತವೆ. ಇಲ್ಲವಾದರೆ ಬಲಿತ ಬಿದಿರಿನಿಂದ ಎರಡು ಬೆರಳು ಅಗಲದ ಬೆಣೆ ಕೆತ್ತಿ, ತುದಿ ತೆಳ್ಳಗೆ ಮಾಡಿ, ಉಜ್ಜಿ ನುಣುಪು ಮಾಡಿದರೆ ಸಾಕು. ಅಡಿಕೆ ದಬ್ಬೆ ಬೇಡ. ಅದರ ಸಿಬಿರು ರೆಕ್ಸಿನ್ನನ್ನು ಗೀರುತ್ತದೆ. ಬರಿಯ ಕಬ್ಬಿಣದ ಸ್ಕ್ರೂಡ್ರೈವರಿನಿಂದ ಮೀಟುವುದೆಂದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ.

ಹಲಗೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಒಂದೆರಡು ಮುರಿದೇ ಮುರಿಯುತ್ತವೆ. ನಿಮ್ಮ ವಾಹನದ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಬಿಚ್ಚುವ ಕ್ರಮ

1. ವಾಹನವನ್ನು ಒಂದು ಗಂಟೆ ಎಳೆಬಿಸಿಲಿಗೆ ನಿಲ್ಲಿಸಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಬೆಚ್ಚಗಾದರೆ ಬಾಗುತ್ತದೆ. ಗಾಜನ್ನು ಪೂರ್ತಿ ಮೇಲೇರಿಸಿ. ಬಾಗಿಲಿನಲ್ಲಿ ವಿದ್ಯುತ್ ಗಾಜು ಅಥವಾ ಸ್ಪೀಕರ್ ಇದ್ದರೆ ಬ್ಯಾಟರಿಯ ಋಣ ತಂತಿಯನ್ನು ಕಳಚಿ.

2. ಸ್ಕ್ರೂಗಳನ್ನು ಹುಡುಕಿ. ಕೈಯಾನಿಕೆಯ ಗುಳಿಯಲ್ಲಿ, ಒಳಹಿಡಿಯ ಹಿಂದೆ, ಕನ್ನಡಿ ಮೂಲೆಯ ತ್ರಿಕೋನದ ಕೆಳಗೆ, ಹಲಗೆಯ ಕೆಳ ಅಂಚಿನಲ್ಲಿ ಇವು ಅಡಗಿರುತ್ತವೆ. ಕೆಲವಕ್ಕೆ ಕಾಸಿನಗಲದ ಮುಚ್ಚಳ ಇರುತ್ತದೆ. ಯಾವ ಸ್ಕ್ರೂ ಎಲ್ಲಿಯದೆಂದು ಚೀಟಿ ಬರೆದಿಡಿ. ಗಿಡ್ಡ ಸ್ಕ್ರೂ ಇದ್ದ ಕಡೆ ಉದ್ದದ್ದು ಹಾಕಿದರೆ ಗಾಜಿಗೆ ತಾಗೀತು.

3. ಕೈಯಿಂದ ತಿರುಗಿಸುವ ಗಾಜಾದರೆ ಹಿಡಿ ಯಾವ ಕೋನದಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ನಮ್ಮ ಕಡೆ ಇನ್ನೂ ಓಡುತ್ತಿದೆ. ಅಂಥ ಕಾರುಗಳಲ್ಲಿ ಈ ಹಿಡಿಗೆ ಹೊರಗೆ ಸ್ಕ್ರೂ ಕಾಣುವುದಿಲ್ಲ. ಹಿಂದೆ ಕುದುರೆ ಲಾಳದ ಆಕಾರದ ಒಂದು ತಂತಿ ಇರುತ್ತದೆ. ಹಿಡಿಯ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿ, ಸಂದಿಯಲ್ಲಿ ಬಟ್ಟೆಯ ಪಟ್ಟಿ ತೂರಿಸಿ, ಗರಗಸ ಎಳೆದಂತೆ ಆಚೀಚೆ ಎಳೆದರೆ ತಂತಿ ಮೇಲಕ್ಕೆ ಸರಿಯುತ್ತದೆ. ಅದು ಹಾರಿ ಕಣ್ಣಿಗೆ ಬಡಿಯಬಹುದು. ಇನ್ನೊಂದು ಬಟ್ಟೆಯನ್ನು ಮೇಲೆ ಹಿಡಿದಿರಿ.

4. ಈಗ ಹಲಗೆ. ಕೆಳ ಮೂಲೆಯಿಂದ ಆರಂಭಿಸಿ. ಬಾಗಿಲಿನ ಬಣ್ಣ ಗೀರದಂತೆ ಅಂಚಿಗೆ ಅಂಟುಪಟ್ಟಿ ಹಚ್ಚಿ. ಬೆಣೆ ತೂರಿಸಿ, ಸಂದಿಯಲ್ಲಿ ಇಣುಕಿ ಕ್ಲಿಪ್ ಎಲ್ಲಿದೆ ನೋಡಿ. ಬೆಣೆಯನ್ನು ಕ್ಲಿಪ್ಪಿನ ಪಕ್ಕಕ್ಕೇ ತಂದು ನೇರವಾಗಿ ಹೊರಕ್ಕೆ ಮೀಟಿ. ಒಂದು ಬಿಟ್ಟ ಮೇಲೆ ಇನ್ನೊಂದು. ಎರಡು ಕ್ಲಿಪ್ಪುಗಳ ನಡುವೆ ಹಿಡಿದು ಎಳೆದರೆ ಮುರಿಯುವುದು ಕ್ಲಿಪ್ಪಲ್ಲ, ಹಲಗೆ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಅಲ್ಲೊಂದು ಸ್ಕ್ರೂ ಉಳಿದಿದೆ ಎಂದೇ ತಿಳಿಯಿರಿ.

5. ಕ್ಲಿಪ್ಪುಗಳೆಲ್ಲ ಬಿಟ್ಟ ಮೇಲೆ ಹಲವು ವಾಹನಗಳಲ್ಲಿ ಹಲಗೆಯನ್ನು ಗಾಜಿನ ಅಂಚಿನಿಂದ ಮೇಲಕ್ಕೆ ಎತ್ತಬೇಕು. ಕೂಡಲೇ ದೂರ ಸೆಳೆಯಬಾರದು, ಹಿಂದೆ ವೈರುಗಳಿರುತ್ತವೆ. ಕನೆಕ್ಟರಿನ ನಾಲಿಗೆ ಒತ್ತಿ ಬಿಚ್ಚಿ, ವೈರು ಹಿಡಿದು ಎಳೆಯಬೇಡಿ. ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಹಾಕಬೇಡಿ.

ಹಳೆಯ ಮಾದರಿಗಳ ವಿಚಾರ

ಹಳೆಯ ವಾಹನಗಳಲ್ಲಿ ಒಳಹಲಗೆ ಎಂದರೆ ರೆಕ್ಸಿನ್ ಹೊದಿಸಿದ ಒತ್ತುರಟ್ಟು. ಮಲೆನಾಡಿನ ತೇವಕ್ಕೆ ಇದು ಮೆತ್ತಗಾಗಿ ಕ್ಲಿಪ್ಪಿನ ತೂತಿನಲ್ಲೇ ಹರಿಯುತ್ತದೆ. ಅದಕ್ಕಾಗಿ ಬೆಣೆಯ ತುದಿ ರಟ್ಟಿನ ಕೆಳಗಷ್ಟೇ ಅಲ್ಲ, ಕ್ಲಿಪ್ಪಿನ ತಲೆಯ ಕೆಳಗೂ ಹೋಗಬೇಕು. ತೂತು ಹರಿದಿದ್ದರೆ ನೀರಿಗೆ ಜಗ್ಗದ ಅಂಟಿನಿಂದ ತೆಳು ಪ್ಲೈವುಡ್ ತುಂಡನ್ನು ಹಿಂಬದಿಗೆ ಕೂರಿಸಿ ಹೊಸ ತೂತು ಕೊರೆಯಬಹುದು. ರಟ್ಟನ್ನು ಚೆನ್ನಾಗಿ ಒಣಗಿಸಿ ಹಿಂಬದಿಗೆ ವಾರ್ನಿಷ್ ಬಳಿದರೆ ಮುಂದಿನ ಮಳೆಗಳನ್ನು ತಡೆದೀತು.

ಒಳಗೆ ಮಾಡಬೇಕಾದ ಕೆಲಸ

ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಎಸೆಯುವ ದುರಭ್ಯಾಸ ಕೆಲವೆಡೆ ಇದೆ. ಹಾಗೆ ಮಾಡಬಾರದು. ಕಪ್ಪು ಅಂಟನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸುತ್ತಾ ಹಾಳೆಯನ್ನು ಅರ್ಧ ಮಡಿಚಿದರೆ ಸಾಕು. ತಳದ ರಂಧ್ರಗಳನ್ನು ಸಣ್ಣ ಕಡ್ಡಿಯಿಂದ ಬಿಡಿಸಿ, ಕೆಸರು ತೊಳೆದು, ಒಂದು ದಿನ ಒಣಗಲು ಬಿಡಿ. ಕೈಯನ್ನು ಒಳಗೆ ಹಾಕುವಾಗ ದಪ್ಪ ಕೈಚೀಲವಿರಲಿ. ತಗಡಿನ ಅಂಚು ಕತ್ತಿಯಂತೆ ಹರಿತ. ತುಕ್ಕನ್ನು ಉಜ್ಜಿ ತುಕ್ಕುನಿರೋಧಕ ಬಣ್ಣ ಹಚ್ಚಿ. ಬಣ್ಣವೇ ರಂಧ್ರವನ್ನು ಮುಚ್ಚದಂತೆ ನೋಡಿಕೊಳ್ಳಿ.

ಮರಳಿ ಅಂಟಿಸುವಾಗ ಹಾಳೆಯ ಕೆಳ ಅಂಚು ಮೊದಲಿದ್ದಂತೆಯೇ ಇರಬೇಕು. ಬಾಗಿಲಿನ ಸೀಳಿನೊಳಗೆ ಇಳಿದಿದ್ದರೆ ಅಲ್ಲಿಗೇ ಇಳಿಸಿ. ಹರಿದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ ಹಾಕಬಹುದು.

ಕನೆಕ್ಟರುಗಳನ್ನೂ ಆಮೇಲೆ ಬ್ಯಾಟರಿಯನ್ನೂ ಜೋಡಿಸಿ, ಗಾಜು, ಬೀಗ, ಒಳಹಿಡಿ ಮೂರನ್ನೂ ಪರೀಕ್ಷಿಸಿ. ಬೀಗವನ್ನು ಪರೀಕ್ಷಿಸುವಾಗ ಬಾಗಿಲು ತೆರೆದೇ ಇರಲಿ. ಆಮೇಲೆ ಹಲಗೆಯ ಮೇಲಂಚನ್ನು ಮೊದಲು ಕೂರಿಸಿ, ಪ್ರತಿ ಕ್ಲಿಪ್ಪೂ ತನ್ನ ತೂತಿಗೆ ನೇರವಾಗಿದೆಯೇ ನೋಡಿ ಅಂಗೈಯಿಂದ ಗುದ್ದಿ.

ಕೈ ಹಾಕಬಾರದ ಜಾಗ

ಹೊಸ ಕಾರುಗಳಲ್ಲಿ 2019ರಲ್ಲಿ ಚಾಲಕನಿಗೆ, 2021ರಲ್ಲಿ ಪಕ್ಕದ ಸವಾರನಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಕೆಲವು ಮಾದರಿಗಳಲ್ಲಿ ಆಸನದ ಪಕ್ಕದಲ್ಲೂ ಚಾವಣಿಯ ಅಂಚಿನಲ್ಲೂ ಇವು ಇರುತ್ತವೆ. ಕಂಬದ ಹೊದಿಕೆ, ಡ್ಯಾಶ್‌ಬೋರ್ಡ್, ಆಸನ ಇವುಗಳ ಮೇಲೆ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಎಂಬ ಬರಹ ಕಂಡರೆ, ಹಳದಿ ಕನೆಕ್ಟರ್ ಕಂಡರೆ, ಅಲ್ಲಿಗೆ ಕೈ ನಿಲ್ಲಿಸಿ. ಅದರೊಳಗೆ ಇರುವುದು ಸಿಡಿಯುವ ವಸ್ತು. ಆ ಕೆಲಸ ತರಬೇತಾದ ಮೆಕ್ಯಾನಿಕ್ಕನಿಗೇ ಇರಲಿ. ಹಣ ಉಳಿಸುವ ಜಾಗ ಅದಲ್ಲ.

ಕಾಫಿ ಕುಯ್ಲೂ ಅಡಿಕೆ ಸುಲಿತವೂ ಮುಗಿದು, ಮೃಗಶಿರಾ ಮಳೆ ಹಿಡಿಯುವ ಮುಂಚಿನ ಬಿಡುವು ಇದಕ್ಕೆ ತಕ್ಕ ಕಾಲ. ಮೊದಲು ಒಂದು ಬಾಗಿಲನ್ನು ಬಿಚ್ಚಿ, ಅದನ್ನು ಪೂರ್ತಿ ಜೋಡಿಸಿ, ಆಮೇಲೆ ಎರಡನೆಯದಕ್ಕೆ ಹೋಗಿ. ಬಿಚ್ಚದ ಬಾಗಿಲು ಮಾದರಿಗೆ ಇದ್ದರೆ ಯಾವುದು ಎಲ್ಲಿಯದೆಂಬ ಅನುಮಾನ ಬರುವುದಿಲ್ಲ.