ಗಡಿಯಾರದ ವೇಳೆ ಮತ್ತು ಪ್ರಯಾಣದ ಅವಧಿ

ಹಿನ್ನೆಲೆ

ತಲುಪಿದ ವೇಳೆಯಿಂದ ಹೊರಟ ವೇಳೆಯನ್ನು ಕಳೆದರೆ ಪ್ರಯಾಣದ ಅವಧಿ ದೊರೆಯುತ್ತದೆ ಎಂಬುದನ್ನು ಮಕ್ಕಳು ಪ್ರಾಥಮಿಕ ಹಂತದಲ್ಲಿಯೇ ಕಲಿತಿರುತ್ತಾರೆ. ನಾರಾಯಣಪೇಟೆಯಿಂದ ಹೈದರಾಬಾದಿಗೆ, ಗದ್ವಾಲದಿಂದ ಮಹಬೂಬನಗರಕ್ಕೆ ಹೋಗುವ ಬಸ್ಸಿಗೆ ಈ ನಿಯಮ ಸಾಕು. ಮಕ್ತಲದಿಂದ ಹೊರಟು ಕೃಷ್ಣಾ ನದಿ ದಾಟಿ ರಾಯಚೂರು ಸೇರಿದರೆ ರಾಜ್ಯ ಬದಲಾಗುತ್ತದೆ, ಗಡಿಯಾರ ಬದಲಾಗದು. 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಒಂದೇ ವೇಳೆ ಭಾರತಕ್ಕೆಲ್ಲ ಅನ್ವಯಿಸುತ್ತದೆ. ದೂರದ ವಿಮಾನ ನಿಲ್ದಾಣಗಳ ಲೆಕ್ಕದಲ್ಲಿ ಮಾತ್ರ ಇದೇ ನಿಯಮ ಮಗುವಿನ ದಾರಿ ತಪ್ಪಿಸುತ್ತದೆ.

ಇದಕ್ಕೆ ಭಾಷೆಯೂ ಒಂದು ಕಾರಣ. ‘ಟೈಮ್ ಎಷ್ಟು?’, ‘ಎಷ್ಟು ಟೈಮ್ ಹಿಡಿಯುತ್ತದೆ?’ ಎಂಬ ಎರಡು ಪ್ರಶ್ನೆಗಳಿಗೂ ಆಡುಮಾತಿನಲ್ಲಿ ಒಂದೇ ಪದವಿದೆ. ಮೊದಲನೆಯದು ವೇಳೆ, ಎರಡನೆಯದು ಅವಧಿ. ಈ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆದ ನಂತರವೇ ಪಾಠವನ್ನು ಆರಂಭಿಸುವುದು ಸೂಕ್ತ.

ಮೊದಲ ಹಂತ: ಹೈದರಾಬಾದ್–ದುಬೈ

ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ, ಅಂದರೆ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ದುಬೈಯ ವೇಳೆ 60 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ವ್ಯತ್ಯಾಸ 22.5 ಡಿಗ್ರಿ, ಆದ್ದರಿಂದ ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೈದರಾಬಾದಿನಿಂದ ಬೆಳಿಗ್ಗೆ 10:00ಕ್ಕೆ ಹೊರಟ ವಿಮಾನವು ದುಬೈಯ ವೇಳೆ 12:30ಕ್ಕೆ ಇಳಿಯಿತೆಂದು ಭಾವಿಸೋಣ. ಮಗು ಎರಡೂವರೆ ಗಂಟೆ ಎನ್ನುತ್ತದೆ. ಆದರೆ ಆಗ ಭಾರತದಲ್ಲಿ 2:00 ಗಂಟೆ. ಅವಧಿ ನಾಲ್ಕು ಗಂಟೆ.

ಉತ್ತರವನ್ನು ದೂರದಿಂದ ತಾಳೆ ನೋಡಬಹುದು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 2,550 ಕಿ.ಮೀ. ಎರಡೂವರೆ ಗಂಟೆ ಎಂದರೆ ಸರಾಸರಿ ವೇಗ ಗಂಟೆಗೆ 1,020 ಕಿ.ಮೀ. ಆಗುತ್ತದೆ. ಪ್ರಯಾಣಿಕರ ಜೆಟ್ ವಿಮಾನದ ವೇಗ ಸಾಮಾನ್ಯವಾಗಿ 900 ಕಿ.ಮೀ. ಆಸುಪಾಸಿನಲ್ಲಿರುವುದರಿಂದ ಲೆಕ್ಕದಲ್ಲಿ ಏನೋ ತಪ್ಪಿದೆಯೆಂದು ಮಗುವೇ ಕಂಡುಕೊಳ್ಳುತ್ತದೆ.

ಎರಡನೆಯ ಹಂತ: ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ಸೇವೆಯನ್ನು ಆರಂಭಿಸಿತು. ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದರು. ಪ್ರಕಟಿತ ವೇಳಾಪಟ್ಟಿಯಂತೆ ಜನವರಿ 9ರ ರಾತ್ರಿ 8:30ಕ್ಕೆ ಹೊರಟು, 11ರ ನಸುಕಿನ 3:45ಕ್ಕೆ ಬೆಂಗಳೂರು ತಲುಪಬೇಕಿತ್ತು. ನೇರವಾಗಿ ಕಳೆದರೆ 31 ಗಂಟೆ 15 ನಿಮಿಷ. ಆದರೆ ಅಮೆರಿಕದ ಆ ಕರಾವಳಿಯ ವೇಳೆ 120 ಡಿಗ್ರಿ ಪಶ್ಚಿಮ ರೇಖಾಂಶವನ್ನು ಆಧರಿಸಿದೆ. 120 ಮತ್ತು 82.5 ಕೂಡಿದರೆ 202.5, ಅದನ್ನು 15ರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ. ಇದನ್ನು ಕಳೆದಾಗ ನಿಜವಾದ ಅವಧಿ 17 ಗಂಟೆ 45 ನಿಮಿಷ. ನೇರ ದೂರ ಸುಮಾರು 14,000 ಕಿ.ಮೀ. ಆದ್ದರಿಂದ ಸರಾಸರಿ ವೇಗ ಗಂಟೆಗೆ ಸುಮಾರು 789 ಕಿ.ಮೀ.

ಭೂಗೋಳದ ಮಾದರಿಯ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಸಬೇಕು. ಅದು ಉತ್ತರ ಧ್ರುವದ ಸಮೀಪ ಹಾಯುವುದನ್ನು ಮಕ್ಕಳು ಕಾಣುತ್ತಾರೆ.

ಶಿಕ್ಷಕರ ಗಮನಕ್ಕೆ

31 ಗಂಟೆ 15 ನಿಮಿಷ ಎಂದು ಬರೆದ ಮಗುವಿನ ವ್ಯವಕಲನ ಸರಿಯಾಗಿಯೇ ಇದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರೆ ತನಗೆ ಲೆಕ್ಕವೇ ಬಾರದೆಂದು ಮಗು ನಂಬಿಬಿಡುತ್ತದೆ. ‘ಈ ಎರಡು ವೇಳೆಗಳು ಯಾವ ಯಾವ ಊರಿನವು?’ ಎಂದು ಕೇಳುವುದು ಮೇಲು.

ಮೌಲ್ಯಮಾಪನ

1. ದುಬೈಯಿಂದ ಅಲ್ಲಿನ ವೇಳೆ ಮಧ್ಯಾಹ್ನ 3:00ಕ್ಕೆ ಹೊರಟ ವಿಮಾನ ಮೂರೂವರೆ ಗಂಟೆ ಹಾರಿದರೆ ಹೈದರಾಬಾದಿನಲ್ಲಿ ಎಷ್ಟು ಗಂಟೆಗೆ ಇಳಿಯುತ್ತದೆ? (ಉತ್ತರ: ರಾತ್ರಿ 8:00)

2. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ನಮಗೂ ಅವರಿಗೂ ಎಷ್ಟು ವ್ಯತ್ಯಾಸ? (ಉತ್ತರ: ಹನ್ನೆರಡೂವರೆ ಗಂಟೆ)