ಟೊಮೆಟೊ ಬೀಜದ ಎಣ್ಣೆ: ಗಾಣಕ್ಕೆ ಮೊದಲು ಲೆಕ್ಕ

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡವರೇ, ಬೇರೆ ವರ್ಷಗಳಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಕಂಡಿದ್ದಾರೆ. ಹಾಗೆ ಸುರಿಯುವ ಹಣ್ಣಿನ ಬೀಜದಿಂದ ಎಣ್ಣೆ ತೆಗೆಯಬಹುದಲ್ಲ ಎಂದು ಕೇಳುವ ರೈತರಿದ್ದಾರೆ. ತೆಗೆಯಬಹುದು. ಎಷ್ಟು ಸಿಗುತ್ತದೆ ಎಂಬುದನ್ನು ಮೊದಲು ನೋಡೋಣ.

ಒಂದು ಟನ್ ಹಣ್ಣನ್ನು ಪಲ್ಪರ್‌ಗೆ ಹಾಕಿದರೆ ಸಿಪ್ಪೆ, ಬೀಜ ಸೇರಿದ ಹಸಿ ಹಿಪ್ಪೆ ಸುಮಾರು 30ರಿಂದ 50 ಕೆ.ಜಿ. ಉಳಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರೇ. ಒಣಗಿಸಿದರೆ ಹತ್ತು ಕೆ.ಜಿ. ಆಸುಪಾಸು, ಅದರಲ್ಲಿ ಬೀಜದ ಪಾಲು ಅರ್ಧಕ್ಕಿಂತ ತುಸು ಹೆಚ್ಚು. ಒಣ ಬೀಜದಲ್ಲಿ ಎಣ್ಣೆ ಸಾಮಾನ್ಯವಾಗಿ ಶೇ 20ರಿಂದ 25. ಅಂದರೆ 65ಕ್ಕೂ ಹೆಚ್ಚು ಬಾಕ್ಸ್ ಹಣ್ಣಿಗೆ ಒಂದು, ಒಂದೂವರೆ ಕೆ.ಜಿ. ಎಣ್ಣೆ. ಗಾಣದಲ್ಲಿ ಹಿಂಡಿಗೆ ಅಂಟಿಕೊಂಡು ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಎಣ್ಣೆಗಾಗಿಯೇ ಹಣ್ಣು ಅರೆದವನಿಗೆ ಡೀಸೆಲ್ ಖರ್ಚೂ ಗಿಟ್ಟದು.

ಇಟಲಿಯ ಪಾರ್ಮಾ ಸೀಮೆಯಲ್ಲಿ ನೂರು ವರ್ಷಗಳ ಹಿಂದೆಯೇ ಈ ಎಣ್ಣೆ ತೆಗೆಯುತ್ತಿದ್ದರು. ಅಮೆರಿಕದ ಕೃಷಿ ಇಲಾಖೆ 1917ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಿಕೆ ಹೊರತಂದಿತ್ತು. ಎರಡೂ ಕಡೆ ಬೀಜ ಬಂದದ್ದು ಟೊಮೆಟೊ ಸಂಸ್ಕರಣೆ ಕಾರ್ಖಾನೆಗಳ ಕಸದ ರಾಶಿಯಿಂದ. ನಮ್ಮಲ್ಲೂ ದಾರಿ ಅದೇ: ತಿರುಳು ಮಾರಿ ಬದುಕುವ ಘಟಕಕ್ಕೆ ಬೀಜ ಮೇಲಾದಾಯ.

ಎಣ್ಣೆಯ ಗುಣ ಮಾತ್ರ ಚೆನ್ನಾಗಿದೆ. ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ, ಐದರಲ್ಲೊಂದು ಪಾಲು ಓಲಿಕ್ ಆಮ್ಲ. ಈ ವಿಚಾರದಲ್ಲಿ ಸೂರ್ಯಕಾಂತಿ ಎಣ್ಣೆಯ ದಾಯಾದಿ. ಲಿನೋಲಿಕ್ ಹೆಚ್ಚಿರುವ ಎಣ್ಣೆ ಗಾಳಿ, ಬೆಳಕಿಗೆ ಬೇಗ ಕಮಟಾಗುತ್ತದೆ. ಆದರೆ ಇದರಲ್ಲಿ ಕಾವಲುಗಾರನೂ ಒಳಗೇ ಇದ್ದಾನೆ: ವಿಟಮಿನ್ ಇ ಗುಂಪಿಗೆ ಸೇರಿದ ಗಾಮಾ ಟೋಕೋಫೆರಾಲ್. ಎಣ್ಣೆಯನ್ನು ಆಮ್ಲಜನಕ ಕೆಡಿಸಲು ಶುರುಮಾಡಿದಾಗ ಇದು ಮುಂದೆ ಬಂದು ಆ ಏಟನ್ನು ತಾನೇ ತಿನ್ನುತ್ತದೆ. ಉತ್ಕರ್ಷಣ ನಿರೋಧಕ ಎನ್ನುವುದು ಇದನ್ನೇ. ಹಣ್ಣಿಗೆ ಕೆಂಪು ಕೊಡುವ ಲೈಕೋಪಿನ್ ಹೆಚ್ಚಾಗಿರುವುದು ಸಿಪ್ಪೆಯಲ್ಲಿ, ಬೀಜದಲ್ಲಲ್ಲ. ಒಂದಿಷ್ಟು ಸಿಪ್ಪೆ ಸೇರಿಸಿ ಅರೆದರೆ ಎಣ್ಣೆಗೆ ಬಣ್ಣ ಏರುತ್ತದೆ. ಹೆಚ್ಚು ಕಾಯಿಸಿ, ಬಿಳುಪಾಗಿಸಿ ಶುದ್ಧೀಕರಿಸಿದರೆ ಆ ಬಣ್ಣವೂ ಅದರ ಗುಣವೂ ಬಹುಪಾಲು ಹೋಗುತ್ತವೆ. ಹಾಗಾಗಿ ತಣ್ಣನೆಯ ಗಾಣದ ಎಣ್ಣೆಗೇ ಹೆಚ್ಚು ಬೆಲೆ.

ಕೆಲಸ ಕೆಡುವುದು ಗಾಣದಲ್ಲಲ್ಲ, ಅದಕ್ಕೂ ಮೊದಲು. ಹಸಿ ಹಿಪ್ಪೆ ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಹುಳಿ ಬರುತ್ತದೆ. ಬೂಷ್ಟು ಹಿಡಿದ ಬೀಜದ ಎಣ್ಣೆ ಬಾಯಿಗೂ ಬೇಡ, ಮೈಗೂ ಬೇಡ. ಅದೇ ದಿನ ದೊಡ್ಡ ತೊಟ್ಟಿಯ ನೀರಿನಲ್ಲಿ ಕಲಕಿ: ಸಿಪ್ಪೆ ತೇಲುತ್ತದೆ, ಬೀಜ ತಳ ಸೇರುತ್ತದೆ. ಬೀಜವನ್ನು ಬಲೆಯ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ನೆರಳಿನಲ್ಲಿ ಅಥವಾ 50–60 ಡಿಗ್ರಿ ಸೆಲ್ಸಿಯಸ್ ಮೀರದ ಡ್ರೈಯರ್‌ನಲ್ಲಿ ತೇವಾಂಶ ಶೇ 10ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಎಣ್ಣೆ ತುಂಬಲು ಕಂದು ಬಣ್ಣದ ಗಾಜಿನ ಬಾಟಲಿ ಒಳ್ಳೆಯದು.

ಸಲಾಡ್, ಸಾಬೂನು, ಮುಖದ ಕ್ರೀಮ್, ತಲೆಗೂದಲ ಎಣ್ಣೆ ತಯಾರಕರೇ ಇದಕ್ಕೆ ಸಹಜ ಗಿರಾಕಿಗಳು. ಉಳಿದ ಹಿಂಡಿಯಲ್ಲಿ ಸಸಾರಜನಕ ಚೆನ್ನಾಗಿರುವುದರಿಂದ ಪಶು ಆಹಾರಕ್ಕೆ ಬೆರೆಸಬಹುದು. ರೋಗ ವಾಸಿಮಾಡುತ್ತದೆ ಎಂದು ಲೇಬಲ್ ಮೇಲೆ ಬರೆಯಬೇಡಿ, ಕಾನೂನು ಬಿಡುವುದಿಲ್ಲ. ತಿನ್ನುವ ಎಣ್ಣೆಯಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕೇ ಬೇಕು. ಎಣ್ಣೆಯಲ್ಲಿ ಕರಗುವ ಕೀಟನಾಶಕದ ಉಳಿಕೆ ಎಣ್ಣೆಯ ಜೊತೆಗೇ ಬರುತ್ತದೆ, ಆದ್ದರಿಂದ ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ತಪ್ಪಿಸಬೇಡಿ. ರಾಣೆಬೆನ್ನೂರು ಕಡೆಯ ಬೀಜೋತ್ಪಾದಕರಿಗೆ ಇನ್ನೊಂದು ಮಾತು: ಔಷಧಿ ಲೇಪಿಸಿದ ಬೀಜ ಎಷ್ಟೇ ಉಳಿದರೂ ಗಾಣಕ್ಕೆ ಹಾಕುವಂತಿಲ್ಲ.

ಕಿರು ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆ ಪಿಎಂಎಫ್‌ಎಂಇಯಲ್ಲಿ ವೈಯಕ್ತಿಕ ಘಟಕಗಳಿಗೆ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಾಲ ಆಧಾರಿತ ಸಹಾಯಧನ ಕೊಡಲಾಗಿದೆ. ಯೋಜನೆ ಈಗಲೂ ಇದೆಯೇ, ಗುಂಪುಗಳಿಗೆ ನಿಯಮವೇನು ಎಂದು ವಿಚಾರಿಸಿಕೊಂಡು, ರೈತ ಉತ್ಪಾದಕ ಕಂಪನಿ ಮೊದಲು ಪಲ್ಪ್ ಘಟಕಕ್ಕೆ ಅರ್ಜಿ ಹಾಕಲಿ. ಒಂದು ಹಂಗಾಮಿನ ಬೀಜ ಒಣಗಿಸಿ, ಊರ ಗಾಣದಲ್ಲಿ ಕೂಲಿಗೆ ಅರೆಸಿ, ಪ್ರಯೋಗಾಲಯದ ವರದಿ ಹಿಡಿದು ನಾಲ್ಕು ಗಿರಾಕಿಗಳನ್ನು ಕಂಡು ಬನ್ನಿ. ಸ್ವಂತ ಎಣ್ಣೆ ಯಂತ್ರದ ಕೊಟೇಶನ್ ಆಮೇಲೆ ತರಿಸಿದರಾಯಿತು.